ಗೆಡ್ಡೆಯೊಳಗಿನ ರಕ್ತನಾಳಗಳನ್ನು ಜೀವಂತ ಪ್ರಾಣಿಯಲ್ಲಿ ಅಧ್ಯಯನ ಮಾಡುವ ಬಗೆ: ಹೊಸ ಸಂಶೋಧಕರಿಗೊಂದು ಮಾರ್ಗದರ್ಶಿ

ಕ್ಯಾನ್ಸರ್ ಗೆಡ್ಡೆಯೊಂದು ಒಂದೆರಡು ಮಿಲಿಮೀಟರ್ ಗಾತ್ರವನ್ನು ಮೀರಿ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು. ಲೋಮನಾಳದಿಂದ ಹೊರಬಿದ್ದ ಆಮ್ಲಜನಕ ಅಂಗಾಂಶದೊಳಗೆ ಹೆಚ್ಚೆಂದರೆ 100ರಿಂದ 200 ಮೈಕ್ರಾನ್ ದೂರ ಸಾಗಬಲ್ಲದು. ಅದರಾಚೆಗಿನ ಜೀವಕೋಶಗಳು ಉಸಿರುಗಟ್ಟಿ ಸಾಯುತ್ತವೆ. ಈ ನಾಳಗಳ ಬೆಳವಣಿಗೆಯನ್ನು ತಡೆದರೆ ಗೆಡ್ಡೆಯನ್ನೇ ತಡೆಯಬಹುದೆಂದು ಬಾಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದರು. ನಾಳಗಳನ್ನು ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಹಿಡಿದಿಡುವ ಬೆವಾಸಿಜುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಜೈವಿಕ ಸಮಾನ ಔಷಧವನ್ನು ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2017ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ಈ ನಗರದಲ್ಲಿ ಜೀವವಿಜ್ಞಾನ, ಜೈವಿಕ ತಂತ್ರಜ್ಞಾನ ಅಥವಾ ಪಶುವೈದ್ಯಕೀಯ ಓದಿ ಸಂಶೋಧನೆಗೆ ಕಾಲಿಡುತ್ತಿರುವವರಲ್ಲಿ ಅನೇಕರು ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ನೇರವಾಗಿ ಇಲಿಗೆ ಬರುತ್ತಾರೆ. ಅವರಿಗಾಗಿಯೇ ಈ ಲೇಖನ. ಉದ್ದಕ್ಕೂ ನಾನು ಒತ್ತಿ ಹೇಳುವ ಮಾತು ಒಂದೇ: ಗೆಡ್ಡೆಯಲ್ಲಿ ನಾಳಗಳು ಎಷ್ಟಿವೆ ಎಂಬುದು ಒಂದು ಪ್ರಶ್ನೆ, ಅವುಗಳಲ್ಲಿ ರಕ್ತ ಹರಿಯುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಜೀವಂತ ಪ್ರಾಣಿಯನ್ನು ಬಳಸುವುದಕ್ಕೆ ಗಟ್ಟಿಯಾದ ಸಮರ್ಥನೆ ಒದಗುವುದು ಎರಡನೆಯದರಿಂದ.

ಮೊದಲು ಪ್ರಶ್ನೆಯನ್ನು ಬರೆಯಿರಿ

ಗೆಡ್ಡೆಯ ನಾಳಗಳು ಆರೋಗ್ಯವಂತ ಅಂಗಾಂಶದ ನಾಳಗಳಂತಿರುವುದಿಲ್ಲ. ಯೋಜನೆಯಿಲ್ಲದೆ ಎದ್ದ ಬಡಾವಣೆಯ ನೀರಿನ ಕೊಳವೆಗಳ ಹಾಗೆ ಅವು ಎಲ್ಲೆಂದರಲ್ಲಿ ಕವಲೊಡೆಯುತ್ತವೆ, ಜೋಡಣೆಗಳಲ್ಲಿ ಸೋರುತ್ತವೆ, ಕೆಲವು ತುದಿಗಳಿಗೆ ಏನೂ ತಲುಪುವುದಿಲ್ಲ. ಸಹಜ ಅಂಗಾಂಶದಲ್ಲಿ ನಾಳದ ವ್ಯಾಸಕ್ಕೂ ರಕ್ತದ ವೇಗಕ್ಕೂ ಇರುವ ಸಂಬಂಧ ಇಲ್ಲಿ ತಪ್ಪಿಹೋಗಿರುತ್ತದೆ. ಒಂದೇ ನಾಳದಲ್ಲಿ ಹರಿವು ಸ್ವಲ್ಪ ಹೊತ್ತು ನಿಂತು ಮತ್ತೆ ಆರಂಭವಾಗುವುದೂ, ದಿಕ್ಕು ಬದಲಿಸುವುದೂ ಉಂಟು. ಆದ್ದರಿಂದ ಗೆಡ್ಡೆಯನ್ನು ತೆಗೆದು, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಎಣಿಸಿದ ನಾಳಗಳ ಸಂಖ್ಯೆಯಿಂದ ಆ ಗೆಡ್ಡೆಗೆ ಎಷ್ಟು ರಕ್ತ, ಎಷ್ಟು ಔಷಧ ತಲುಪುತ್ತಿತ್ತು ಎಂಬುದನ್ನು ಹೇಳಲಾಗದು.

ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಿ. ಅದು ‘ಈ ಔಷಧ ನಾಳದ ಒಳಗೋಡೆಯ ಎಂಡೋಥೀಲಿಯಲ್ ಕೋಶಗಳ ವಿಭಜನೆಯನ್ನು ತಡೆಯುತ್ತದೆಯೇ’ ಎಂಬುದಾಗಿದ್ದರೆ ಪ್ರಾಣಿ ಬೇಕಿಲ್ಲ, ತಟ್ಟೆಯ ಕೋಶಗಳೇ ಉತ್ತರ ಹೇಳುತ್ತವೆ. ‘ಈ ಔಷಧ ಕೊಟ್ಟ ಮೂರನೆಯ ದಿನಕ್ಕೂ ಹತ್ತನೆಯ ದಿನಕ್ಕೂ ಅದೇ ಗೆಡ್ಡೆಯ ನಾಳಗಳ ಸೋರಿಕೆ ಹೇಗೆ ಬದಲಾಗುತ್ತದೆ’ ಎಂಬುದಾಗಿದ್ದರೆ ಮಾತ್ರ ಅದೇ ಪ್ರಾಣಿಯನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ನಾಳಗಳನ್ನು ತಡೆಯುವ ಔಷಧಗಳು ಅವನ್ನು ನಾಶಮಾಡುವ ಮುನ್ನ ಕೆಲವು ದಿನಗಳ ಮಟ್ಟಿಗೆ ಸರಿಪಡಿಸಿ, ಸೋರಿಕೆಯನ್ನು ತಗ್ಗಿಸಿ, ಇತರ ಔಷಧಗಳ ಪೂರೈಕೆಯನ್ನು ಸುಧಾರಿಸಬಲ್ಲವು ಎಂಬ ವಾದವನ್ನು ಗೆಡ್ಡೆಯ ನಾಳಗಳ ಸಂಶೋಧಕ ರಾಕೇಶ್ ಜೈನ್ 2001ರಲ್ಲಿ ಮುಂದಿಟ್ಟರು. ಕೆಲವೇ ದಿನ ಇದ್ದು ಹೋಗುವ ಇಂಥ ಬದಲಾವಣೆಯನ್ನು ಕೊನೆಯ ದಿನದ ಒಂದು ಸ್ಲೈಡಿನಲ್ಲಿ ಹಿಡಿಯಲು ಸಾಧ್ಯವೇ ಇಲ್ಲ.

ಅನುಮತಿ ಮತ್ತು ತರಬೇತಿ

ಭಾರತದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳು ಅನ್ವಯಿಸುತ್ತವೆ. ಹಿಂದೆ ಸಿಪಿಸಿಎಸ್‌ಇಎ ಎಂದು ಕರೆಯಲಾಗುತ್ತಿದ್ದ, ಈಗ ಸಿಸಿಎಸ್‌ಇಎ ಎಂಬ ಹೆಸರಿನ, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸಮಿತಿಯಲ್ಲಿ ನಿಮ್ಮ ಸಂಸ್ಥೆ ನೋಂದಣಿಯಾಗಿರಬೇಕು. ಇಲಿಯಂಥ ಸಣ್ಣ ಪ್ರಾಣಿಗಳ ಪ್ರಯೋಗಕ್ಕೆ ಸಂಸ್ಥೆಯೊಳಗಿನ ಪ್ರಾಣಿ ನೈತಿಕತಾ ಸಮಿತಿಗೆ ಫಾರ್ಮ್ ಬಿ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಆ ಸಮಿತಿಯಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ ಮತ್ತು ವಿಜ್ಞಾನಿಯಲ್ಲದ ಸದಸ್ಯರೊಬ್ಬರೂ ಇರುತ್ತಾರೆ. ಈ ಕೊನೆಯವರಿಗೆ ಅರ್ಥವಾಗುವಂತೆ ನಿಮ್ಮ ಉದ್ದೇಶವನ್ನು ಬರೆಯಲು ಸಾಧ್ಯವಾಗದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲವೆಂದೇ ತಿಳಿಯಬೇಕು.

ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ನಿಯಮಗಳು, ಅಂದರೆ ಪ್ರಾಣಿಯ ಬದಲು ಬೇರೆ ದಾರಿ ಹುಡುಕುವುದು, ಸಂಖ್ಯೆ ತಗ್ಗಿಸುವುದು ಮತ್ತು ನೋವು ಕಡಿಮೆ ಮಾಡುವುದು, ಅರ್ಜಿಯ ಒಂದು ಪುಟವನ್ನು ತುಂಬಿಸಲಿಕ್ಕಾಗಿ ಇರುವಂಥವಲ್ಲ. ಒಂದೇ ಇಲಿಯಲ್ಲಿ ಹಲವು ದಿನ ಚಿತ್ರ ತೆಗೆಯುವ ವಿಧಾನವೇ ಸಂಖ್ಯೆಯನ್ನು ಇಳಿಸುತ್ತದೆ, ಏಕೆಂದರೆ ಪ್ರತಿ ದಿನಕ್ಕೂ ಪ್ರತ್ಯೇಕ ಗುಂಪನ್ನು ಕೊಲ್ಲಬೇಕಾಗುವುದಿಲ್ಲ. ಆದರೆ ಆ ಒಂದು ಇಲಿ ಶಸ್ತ್ರಕ್ರಿಯೆಯನ್ನೂ ಪದೇ ಪದೇ ಅರಿವಳಿಕೆಯನ್ನೂ ತಾಳಿಕೊಳ್ಳಬೇಕಾಗುತ್ತದೆ. ಈ ತಕ್ಕಡಿಯ ಎರಡೂ ತಟ್ಟೆಗಳನ್ನು ಅರ್ಜಿಯಲ್ಲಿ ತೋರಿಸಿ. ಪ್ರಯೋಗವನ್ನು ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನೂ ಆರಂಭಕ್ಕೆ ಮೊದಲೇ ಬರೆದಿಡಬೇಕು: ಶೇ 20ರಷ್ಟು ತೂಕ ಇಳಿದರೆ, ಗೆಡ್ಡೆಯ ಮೇಲಿನ ಚರ್ಮ ಹುಣ್ಣಾದರೆ, ನಡಿಗೆಗೆ ಅಡ್ಡಿಯಾದರೆ, ಅಥವಾ ಸಮಿತಿ ನಿಗದಿಪಡಿಸಿದ ಗಾತ್ರವನ್ನು ಗೆಡ್ಡೆ ಮುಟ್ಟಿದರೆ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಂಥ ಕಡೆ ಸುಸಜ್ಜಿತ ಪ್ರಾಣಿ ಕೇಂದ್ರಗಳೂ ಸೂಕ್ಷ್ಮದರ್ಶಕ ಸೌಲಭ್ಯಗಳೂ ಇವೆ. ಅನೇಕ ಕಾಲೇಜುಗಳಲ್ಲಿ ಇವೆರಡೂ ಇರುವುದಿಲ್ಲ. ಹಾಗಿದ್ದಾಗ ಅರೆಬರೆ ಸೌಲಭ್ಯದಲ್ಲಿ ಇಲಿ ಸಾಕಲು ಹೊರಡುವುದಕ್ಕಿಂತ ಸಹಯೋಗಕ್ಕೆ ಪತ್ರ ಬರೆಯುವುದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಳಿಮೊಟ್ಟೆಯಿಂದ ಆರಂಭಿಸಿ

ಬೆಳೆಯುತ್ತಿರುವ ಕೋಳಿ ಭ್ರೂಣದ ಸುತ್ತ, ಚಿಪ್ಪಿನ ಒಳಗೋಡೆಗೆ ತಾಗಿದಂತೆ, ನಾಳಗಳಿಂದ ತುಂಬಿದ ತೆಳುವಾದ ಪೊರೆಯೊಂದು ಇರುತ್ತದೆ. ಕ್ಯಾಮ್ ಎಂದು ಪ್ರಯೋಗಾಲಯಗಳಲ್ಲಿ ಕರೆಯುವ ಈ ಪೊರೆಯ ಮೇಲೆ ಗೆಡ್ಡೆಕೋಶಗಳನ್ನು ಇಟ್ಟರೆ ಅವುಗಳತ್ತ ನಾಳಗಳು ಬೆಳೆಯುವುದನ್ನು ಬರಿಯ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಭ್ರೂಣದ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಮನುಷ್ಯರ ಗೆಡ್ಡೆಕೋಶಗಳೂ ಅಲ್ಲಿ ನೆಲೆಯೂರುತ್ತವೆ.

ಅಂಗಡಿಯ ಮೊಟ್ಟೆ ಇದಕ್ಕೆ ಬರುವುದಿಲ್ಲ. ಫಲಿತ ಮೊಟ್ಟೆ ಬೇಕು. ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಅಥವಾ ನಂಬಿಕಸ್ತ ಹ್ಯಾಚರಿಯೊಂದರಲ್ಲಿ ವಿಚಾರಿಸಿ, ಸಾಧ್ಯವಾದಷ್ಟು ಬಿಳಿ ಚಿಪ್ಪಿನವನ್ನೇ ಕೇಳಿ, ಏಕೆಂದರೆ ಕಂದು ಚಿಪ್ಪಿನ ಮೂಲಕ ದೀಪ ಹಿಡಿದು ಒಳಗಿನ ನಾಳಗಳನ್ನು ಗುರುತಿಸುವುದು ಕಷ್ಟ. ನಮ್ಮ ರಸ್ತೆಗಳ ಮೇಲೆ ಕುಲುಕಿಕೊಂಡು ಬಂದ ಮೊಟ್ಟೆಗಳನ್ನು ತಂದ ಕೂಡಲೇ ಕಾವಿಗೆ ಇಡಬಾರದು. ಅಗಲ ತುದಿ ಮೇಲಿರುವಂತೆ ನಿಲ್ಲಿಸಿ ಒಂದು ರಾತ್ರಿ ಕೋಣೆಯ ಉಷ್ಣತೆಯಲ್ಲಿ ನೆಲೆನಿಲ್ಲಲು ಬಿಡಬೇಕು. ನಂತರ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ, ಶೇ 60ಕ್ಕೆ ಕಡಿಮೆಯಿಲ್ಲದ ಆರ್ದ್ರತೆಯ ಇನ್‌ಕ್ಯುಬೇಟರ್‌ನಲ್ಲಿಡಿ, ಮತ್ತು ಅದಕ್ಕೆ ಯುಪಿಎಸ್ ಸಂಪರ್ಕ ಇದೆಯೇ ನೋಡಿಕೊಳ್ಳಿ. ರಾತ್ರಿ ದೀರ್ಘಕಾಲ ಕರೆಂಟ್ ಹೋದರೆ ಮೊಟ್ಟೆಗಳ ಇಡೀ ತಂಡವೇ ಕೈತಪ್ಪುತ್ತದೆ.

ಮೂರನೆಯ ದಿನ ಸೂಜಿಯಿಂದ 2ರಿಂದ 3 ಮಿಲಿಲೀಟರ್ ಬಿಳಿಭಾಗವನ್ನು ಹೊರತೆಗೆದರೆ ಪೊರೆ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಗ ಮೇಲ್ಭಾಗದಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಕಿಟಕಿ ಕೊರೆದು ಪಾರದರ್ಶಕ ಟೇಪಿನಿಂದ ಮುಚ್ಚಬೇಕು. ಎಂಟರಿಂದ ಹತ್ತನೆಯ ದಿನದೊಳಗೆ ಒಂದೆರಡು ದಶಲಕ್ಷ ಕೋಶಗಳನ್ನು ಪ್ರೋಟೀನುಗಳ ಜೆಲ್ ಆದ ಮ್ಯಾಟ್ರಿಜೆಲ್‌ನಲ್ಲಿ ಬೆರೆಸಿ, ಸಣ್ಣ ಸಿಲಿಕೋನ್ ಉಂಗುರದೊಳಗೆ ಹನಿಸಿ, ದಿನವೂ ಒಂದೇ ವರ್ಧನೆಯಲ್ಲಿ ಚಿತ್ರ ತೆಗೆಯಿರಿ. ಇಲ್ಲಿ ಇಬ್ಬರು ಮೋಸಗಾರರಿದ್ದಾರೆ. ಕಿಟಕಿ ಕೊರೆಯುವಾಗ ಪೊರೆಯ ಮೇಲೆ ಉದುರಿದ ಚಿಪ್ಪಿನ ಪುಡಿ ಉರಿಯೂತ ಎಬ್ಬಿಸಿ ತಾನೇ ನಾಳಗಳನ್ನು ಕರೆತರುತ್ತದೆ. ಒಣಗಿದ ಪೊರೆ ಕುಗ್ಗಿದಾಗ ಹಳೆಯ ನಾಳಗಳೇ ಒಂದೆಡೆ ಸೇರಿ ಹೊಸವು ಚಕ್ರದ ಕಡ್ಡಿಗಳಂತೆ ಬೆಳೆದಿವೆ ಎಂಬ ಭ್ರಮೆ ಹುಟ್ಟಿಸುತ್ತವೆ. ಕೋಶವಿಲ್ಲದ ಬರಿಯ ಮ್ಯಾಟ್ರಿಜೆಲ್ ಇಟ್ಟ ಮೊಟ್ಟೆಗಳು ಪ್ರತಿ ತಂಡದಲ್ಲೂ ಇರಲೇಬೇಕಾದದ್ದು ಇದಕ್ಕಾಗಿಯೇ.

ಜೀಬ್ರಾ ಮೀನಿನ ಭ್ರೂಣ ಇನ್ನೊಂದು ಒಳ್ಳೆಯ ದಾರಿ. ಎಂಡೋಥೀಲಿಯಲ್ ಕೋಶಗಳು ಹಸಿರಾಗಿ ಹೊಳೆಯುವ ತಳಿಯಲ್ಲಿ, 48 ಗಂಟೆ ವಯಸ್ಸಿನ ಪಾರದರ್ಶಕ ಭ್ರೂಣಕ್ಕೆ ಕೆಲವು ನೂರು ಗೆಡ್ಡೆಕೋಶಗಳನ್ನು ಚುಚ್ಚಿದರೆ ಒಂದೆರಡು ದಿನಗಳಲ್ಲೇ ಚಿಗುರುಗಳು ಕಾಣುತ್ತವೆ. ಮೀನಿಗೆ ಒಗ್ಗುವುದು 28.5 ಡಿಗ್ರಿ, ನಮ್ಮ ಕೋಶಗಳಿಗೆ 37. ಹೀಗಾಗಿ 33-34 ಡಿಗ್ರಿಯಲ್ಲಿ ಇಬ್ಬರಿಗೂ ರಾಜಿ ಮಾಡಿಸುವುದು ರೂಢಿ. ಹಲವು ಔಷಧಗಳನ್ನು ಬೇಗ ಜರಡಿ ಹಿಡಿಯಲು ಇದು ಸಾಕು.

ಇಲಿಗೆ ಬರುವಾಗ: ಯಾವ ಗೆಡ್ಡೆ, ಯಾವ ಔಷಧ

ಮನುಷ್ಯರ ಗೆಡ್ಡೆಕೋಶಗಳನ್ನು ಬೆಳೆಸಲು ನ್ಯೂಡ್ ಇಲಿಯಂಥ ರೋಗನಿರೋಧಕ ಶಕ್ತಿ ಕುಂದಿದ ತಳಿ ಬೇಕು. ಆದರೆ ರೋಗನಿರೋಧಕ ಕೋಶಗಳೂ ನಾಳಗಳ ಬೆಳವಣಿಗೆಯಲ್ಲಿ ಪಾಲುಗೊಳ್ಳುತ್ತವೆ. ಅವುಗಳ ಪಾತ್ರವೂ ಪ್ರಶ್ನೆಯ ಭಾಗವಾಗಿದ್ದರೆ ಬಾಲ್ಬ್-ಸಿ ಇಲಿಯಲ್ಲಿ 4ಟಿ1 ಸ್ತನ ಗೆಡ್ಡೆ, ಸಿ57 ಬ್ಲ್ಯಾಕ್ 6 ಇಲಿಯಲ್ಲಿ ಬಿ16 ಮೆಲನೋಮಾ, ಹೀಗೆ ಅದೇ ತಳಿಯ ಗೆಡ್ಡೆಯನ್ನು ಆರಿಸಿಕೊಳ್ಳಿ. ಎಲ್ಲಿ ಬೆಳೆಸುತ್ತೀರಿ ಎಂಬುದೂ ಮುಖ್ಯ: ಚರ್ಮದಡಿ ಬೆಳೆದ ಸ್ತನ ಗೆಡ್ಡೆಯ ನಾಳಗಳೂ ಸ್ತನದ ಕೊಬ್ಬಿನಲ್ಲೇ ಬೆಳೆದ ಅದೇ ಗೆಡ್ಡೆಯ ನಾಳಗಳೂ ಒಂದೇ ರೀತಿ ವರ್ತಿಸುತ್ತವೆಂದು ಭಾವಿಸಲಾಗದು. ಕೋಶಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿಲ್ಲವೆಂದು ಪರೀಕ್ಷಿಸಿದ ಬಳಿಕವೇ ಅವನ್ನು ಪ್ರಾಣಿ ಕೇಂದ್ರದೊಳಗೆ ಒಯ್ಯಿರಿ.

ಔಷಧದ ಆಯ್ಕೆಯಲ್ಲಿ ಅನೇಕರ ತಿಂಗಳುಗಟ್ಟಲೆ ಶ್ರಮವನ್ನು ನುಂಗುವ ಒಂದು ಗುಂಡಿಯಿದೆ. ಬೆವಾಸಿಜುಮ್ಯಾಬ್ ಮನುಷ್ಯರ ವಿಇಜಿಎಫ್ ಅನ್ನು ಹಿಡಿಯುತ್ತದೆಯೇ ಹೊರತು ಇಲಿಯ ವಿಇಜಿಎಫ್ ಅನ್ನು ಪರಿಣಾಮಕಾರಿಯಾಗಿ ತಡೆಯುವುದಿಲ್ಲ. 4ಟಿ1 ಗೆಡ್ಡೆಗೆ ಅದನ್ನು ಕೊಟ್ಟು ‘ಔಷಧ ಕೆಲಸ ಮಾಡಲಿಲ್ಲ’ ಎಂದು ಬರೆದರೆ ಆ ತೀರ್ಮಾನಕ್ಕೆ ಅರ್ಥವೇ ಇಲ್ಲ. ನ್ಯೂಡ್ ಇಲಿಯಲ್ಲಿ ಬೆಳೆದ ಮನುಷ್ಯರ ಗೆಡ್ಡೆಯಲ್ಲೂ ಅದು ಗೆಡ್ಡೆಕೋಶ ಸ್ರವಿಸಿದ ಪ್ರೋಟೀನನ್ನು ಮಾತ್ರ ತಡೆಯುತ್ತದೆ. ಇಲಿಯ ಸ್ವಂತ ಕೋಶಗಳಿಂದ ಬಂದದ್ದು ಹಾಗೆಯೇ ಉಳಿಯುತ್ತದೆ. ಇಲಿಯ ನಾಳಗಳ ಮೇಲೆ ವಿಇಜಿಎಫ್ ಬಂದು ಕೂರುವ ಗ್ರಾಹಕವನ್ನೇ ಮುಚ್ಚುವ ಡಿಸಿ101 ಪ್ರತಿಕಾಯವನ್ನು ಬಳಸುವುದು ಈ ಕಾರಣಕ್ಕೆ.

ಬೆನ್ನಿನ ಕಿಟಕಿ

ಗೆಡ್ಡೆಯನ್ನು ಗಾಜಿನ ಮೂಲಕ ದಿನದಿನವೂ ನೋಡುವ ಆಲೋಚನೆ ಹಳೆಯದು. ಸ್ಯಾಂಡಿಸನ್ 1924ರಲ್ಲಿ ಮೊಲದ ಕಿವಿಯಲ್ಲಿ ಪಾರದರ್ಶಕ ಕೋಣೆ ಕೂಡಿಸಿದರು. ಆಲ್ಜೈರ್ 1940ರ ದಶಕದಲ್ಲಿ ಅದನ್ನು ಇಲಿಯ ಬೆನ್ನಿಗೆ ತಂದರು. ಇಂದು ಬಳಸುವುದು ಟೈಟಾನಿಯಂನ ಎರಡು ಹಗುರ ಚೌಕಟ್ಟುಗಳನ್ನು. ಬೆನ್ನಿನ ಚರ್ಮವನ್ನು ಮೇಲಕ್ಕೆತ್ತಿ ಮಡಿಕೆ ಮಾಡಿ, ಈ ಚೌಕಟ್ಟುಗಳ ನಡುವೆ ಹಿಡಿದು ಹೊಲಿಯಲಾಗುತ್ತದೆ. ಒಂದು ಬದಿಯ ಚರ್ಮವನ್ನು ವೃತ್ತಾಕಾರವಾಗಿ ತೆಗೆದಾಗ ಎದುರು ಬದಿಯ ಚರ್ಮದ ಒಳಮೈ, ಅದರ ತೆಳು ಸ್ನಾಯುಪದರ ಮತ್ತು ನಾಳಗಳು ಕಣ್ಣಿಗೆ ಬೀಳುತ್ತವೆ. ಅದರ ಮೇಲೆ ಕವರ್‌ಸ್ಲಿಪ್ ಕೂರುತ್ತದೆ.

ಇದನ್ನು ಓದಿ ಕಲಿಯಲಾಗದು. ಪಶುವೈದ್ಯರ ಜೊತೆ ನಿಂತು, ಮೊದಲು ಬೇರೆ ಪ್ರಯೋಗದಲ್ಲಿ ಸತ್ತ ಇಲಿಯ ಮೇಲೆ ಕೈ ಪಳಗಿಸಿಕೊಳ್ಳಬೇಕು. ಅರಿವಳಿಕೆಗೆ ಐಸೊಫ್ಲೂರೇನ್ ಇದ್ದರೆ ಅದೇ ಉತ್ತಮ: ಆರಂಭಕ್ಕೆ ಶೇ 3ರಿಂದ 4, ಮುಂದುವರಿಸಲು ಶೇ 1ರಿಂದ 2. ಕೆಟಮಿನ್ ಮತ್ತು ಜೈಲಜಿನ್ ಜೋಡಿಯೂ ಬಳಕೆಯಲ್ಲಿದೆ, ಆದರೆ ಜೈಲಜಿನ್ ಹೃದಯಬಡಿತವನ್ನೂ ರಕ್ತದ ಒತ್ತಡವನ್ನೂ ಇಳಿಸುತ್ತದೆ. ರಕ್ತದ ಹರಿವನ್ನೇ ಅಳೆಯುವ ಪ್ರಯೋಗದಲ್ಲಿ ಇದು ಸಣ್ಣ ವಿಷಯವಲ್ಲ. ಯಾವುದನ್ನೇ ಆರಿಸಿ, ಎಲ್ಲ ಗುಂಪುಗಳಿಗೂ ಎಲ್ಲ ದಿನಗಳಲ್ಲೂ ಅದೇ ಇರಲಿ. ನೋವುನಿವಾರಕವನ್ನು ಕತ್ತರಿ ಆಡಿಸುವ ಮುನ್ನವೇ ಕೊಡಬೇಕು. ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರೇ ನಿರ್ಧರಿಸಲಿ. ಪಾದ ಚಿವುಟಿದಾಗ ಕಾಲು ಎಳೆದುಕೊಳ್ಳುವುದಿಲ್ಲ ಎಂದು ಖಚಿತಪಡಿಸಿಕೊಂಡು, ಕಣ್ಣಿಗೆ ಮುಲಾಮು ಹಚ್ಚಿ, ಬಿಸಿ ಮೆತ್ತೆಯ ಮೇಲೆ ಮಲಗಿಸಿ. ಡಿಸೆಂಬರಿನ ಬೆಳಗಿನಲ್ಲಿ ಬೆಂಗಳೂರಿನ ಪ್ರಯೋಗಾಲಯ ಸಾಕಷ್ಟು ತಣ್ಣಗಿರುತ್ತದೆ. ಇಪ್ಪತ್ತೈದು ಗ್ರಾಂ ತೂಗುವ ಪ್ರಾಣಿ ಅರಿವಳಿಕೆಯಲ್ಲಿ ನಿಮಿಷಗಳಲ್ಲೇ ಶಾಖ ಕಳೆದುಕೊಳ್ಳುತ್ತದೆ, ದೇಹ ತಣ್ಣಗಾದೊಡನೆ ಚರ್ಮದ ನಾಳಗಳು ಮುದುಡುತ್ತವೆ. ಆದ್ದರಿಂದ ಮೆತ್ತೆಯನ್ನು ಮೊದಲೇ ಬಿಸಿಮಾಡಿಟ್ಟು ದೇಹದ ಉಷ್ಣತೆ 37 ಡಿಗ್ರಿಯಲ್ಲಿರುವಂತೆ ನೋಡಿಕೊಳ್ಳಿ.

ಕಿಟಕಿ ಕೂಡಿಸಿದ ಇಲಿಯನ್ನು ಒಂಟಿಯಾಗಿ ಇರಿಸಬೇಕು, ಇಲ್ಲವಾದರೆ ಜೊತೆಗಾರರು ಹೊಲಿಗೆ ಕಡಿಯುತ್ತವೆ. ಎರಡು ದಿನ ವಿಶ್ರಾಂತಿ ಕೊಟ್ಟು ನಂತರ ಕಿಟಕಿಯನ್ನು ಪರೀಕ್ಷಿಸಿ. ರಕ್ತ ಸೋರಿದ, ಊದಿಕೊಂಡ ಅಥವಾ ಕೀವು ಕಂಡ ಕಿಟಕಿಯನ್ನು ಪ್ರಯೋಗಕ್ಕೆ ಸೇರಿಸಬೇಡಿ. ಏಕೆಂದರೆ ವಾಸಿಯಾಗುತ್ತಿರುವ ಗಾಯವೂ ಹೊಸ ನಾಳಗಳನ್ನು ಬೆಳೆಸುತ್ತದೆ, ಅದು ಗೆಡ್ಡೆಯ ಕೆಲಸದಂತೆಯೇ ಕಾಣುತ್ತದೆ. ಸ್ವಚ್ಛವಾದ ಕಿಟಕಿಯಲ್ಲಿ ಸುಮಾರು ಒಂದು ಮಿಲಿಮೀಟರಿನ ಗೆಡ್ಡೆಯ ತುಣುಕನ್ನೋ ಕೋಶಗಳ ಸಣ್ಣ ಹನಿಯನ್ನೋ ಇಟ್ಟರೆ, ಸಾಮಾನ್ಯವಾಗಿ ಮೊದಲ ವಾರದಲ್ಲೇ ಚಿಗುರುಗಳು ಕಾಣಿಸಿಕೊಂಡು ಹತ್ತು ದಿನಗಳ ಹೊತ್ತಿಗೆ ಜಾಲವೊಂದು ರೂಪುಗೊಳ್ಳುತ್ತದೆ. ಚರ್ಮ ಸಡಿಲಗೊಂಡು ಕಿಟಕಿ ವಾಲುವವರೆಗೆ, ಅಂದರೆ ಎರಡರಿಂದ ನಾಲ್ಕು ವಾರ, ನೋಡಬಹುದು.

ಚಿತ್ರ ತೆಗೆಯುವುದು

ನಾಳದೊಳಗಿನ ಜಾಗವನ್ನು ಬೆಳಗಿಸಲು ಫ್ಲೋರೆಸೆಂಟ್ ಬಣ್ಣ ಜೋಡಿಸಿದ, ಸಕ್ಕರೆ ಅಣುಗಳ ಸರಪಳಿಯಾದ ಡೆಕ್ಸ್‌ಟ್ರಾನನ್ನು ಬಾಲದ ಅಭಿಧಮನಿಗೆ ಕೊಡುತ್ತಾರೆ. ಇಪ್ಪತ್ತು ಗ್ರಾಂ ಇಲಿಗೆ 0.1 ಮಿಲಿಲೀಟರ್ ಮೀರಬೇಡಿ. ಇಪ್ಪತ್ತು ಲಕ್ಷ ಡಾಲ್ಟನ್ ತೂಕದ ಡೆಕ್ಸ್‌ಟ್ರಾನ್ ನಾಳದೊಳಗೇ ಹೆಚ್ಚು ಹೊತ್ತು ಉಳಿಯುತ್ತದೆ, ಹೀಗಾಗಿ ಜಾಲದ ಆಕಾರ ಅಳೆಯಲು ಅದು ಸರಿ. ಸೋರಿಕೆ ಅಳೆಯಬೇಕಾದರೆ ರಕ್ತದ ಆಲ್ಬುಮಿನ್‌ಗೆ ಹತ್ತಿರದ ಗಾತ್ರದ, 70 ಸಾವಿರ ಡಾಲ್ಟನ್‌ನದನ್ನು ಬೇರೆ ಬಣ್ಣದಲ್ಲಿ ಕೊಟ್ಟು, ನಾಳದ ಹೊರಗೆ ಹೊಳಪು ಏರುವ ವೇಗವನ್ನು ನೋಡಬೇಕು.

ಕಾನ್‌ಫೋಕಲ್ ಸೂಕ್ಷ್ಮದರ್ಶಕ ಅಂಗಾಂಶದೊಳಗೆ ನೂರು ಮೈಕ್ರಾನ್ ಆಸುಪಾಸಿನಲ್ಲೇ ಮಂಕಾಗುತ್ತದೆ. 1990ರಲ್ಲಿ ಬಂದ ಎರಡು-ಫೋಟಾನ್ ವಿಧಾನ ಅತಿಗೆಂಪು ಬೆಳಕನ್ನು ಬಳಸುವುದರಿಂದ ಕೆಲವು ನೂರು ಮೈಕ್ರಾನ್ ಆಳಕ್ಕೆ ಇಳಿಯುತ್ತದೆ. ಯಂತ್ರ ಯಾವುದೇ ಇರಲಿ, ಬೆಳಕನ್ನು ಮಿತವಾಗಿ ಬಳಸಿ. ನಾಳದೊಳಗಿನ ಬಣ್ಣದ ಮೇಲೆ ತೀಕ್ಷ್ಣ ಬೆಳಕು ದೀರ್ಘಕಾಲ ಬಿದ್ದರೆ ನಾಳದ ಗೋಡೆ ಗಾಯಗೊಂಡು ರಕ್ತ ಹೆಪ್ಪುಗಟ್ಟುತ್ತದೆ. ಔಷಧದಿಂದ ನಾಳ ಮುಚ್ಚಿತು ಎಂದುಕೊಂಡದ್ದು ದೀಪದಿಂದ ಮುಚ್ಚಿದ್ದಾಗಿರಬಹುದು. ಪ್ರತಿ ಕಿಟಕಿಯಲ್ಲೂ ಒಂದೇ ಬಾರಿ ನೋಡುವ ಮೂಲೆಯೊಂದನ್ನು ಮೀಸಲಿಟ್ಟು ಹೋಲಿಸಿದರೆ ಈ ಸಂದೇಹ ಬಗೆಹರಿಯುತ್ತದೆ.

ಕೆಂಪು ರಕ್ತಕಣಗಳು ಬಣ್ಣ ಹೀರುವುದಿಲ್ಲ. ಹೊಳೆಯುವ ಪ್ಲಾಸ್ಮಾದಲ್ಲಿ ಅವು ಕಪ್ಪು ನೆರಳುಗಳಾಗಿ ಓಡುತ್ತವೆ. ನಾಳದ ಉದ್ದಕ್ಕೂ ಒಂದೇ ಗೆರೆಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರೆ ಆ ನೆರಳುಗಳು ಓರೆ ಪಟ್ಟಿಗಳಾಗಿ ಮೂಡುತ್ತವೆ, ಪಟ್ಟಿಯ ಓರೆಯಿಂದ ವೇಗ ಸಿಗುತ್ತದೆ. ಪಟ್ಟಿಗಳು ಓರೆಯಾಗದೆ, ಕಾಲದ ದಿಕ್ಕಿನಲ್ಲಿ ನೇರವಾಗಿ ಇಳಿದರೆ ಆ ನಾಳ ಇದೆ, ಆದರೆ ಅದರಲ್ಲಿ ರಕ್ತ ನಿಂತಿದೆ.

ಅಳತೆ ಮತ್ತು ಲೆಕ್ಕ

ಪ್ರತಿ ಚಿತ್ರದಿಂದ ಕನಿಷ್ಠ ಮೂರನ್ನು ತೆಗೆಯಿರಿ: ಚದರ ಮಿಲಿಮೀಟರಿಗೆ ನಾಳಗಳ ಒಟ್ಟು ಉದ್ದ, ವ್ಯಾಸದ ಹಂಚಿಕೆ ಮತ್ತು ಹರಿವಿರುವ ನಾಳಗಳ ಪಾಲು. ಇಮೇಜ್‌ಜೆಯಂಥ ಉಚಿತ ತಂತ್ರಾಂಶ ಮೊದಲೆರಡಕ್ಕೆ ಸಾಕು. ಚಿತ್ರದ ಹೆಸರಿನಲ್ಲಿ ಗುಂಪಿನ ಸುಳಿವಿರಬಾರದು; ಅಳೆಯುವವರಿಗೆ ಯಾವುದು ಔಷಧದ ಇಲಿ ಎಂಬುದು ತಿಳಿದಿರಬಾರದು.

ಒಂದು ಇಲಿಯಿಂದ ಹತ್ತು ಚಿತ್ರ ತೆಗೆದರೆ ನಿಮ್ಮ ಬಳಿ ಇರುವುದು ಹತ್ತು ಮಾದರಿಗಳಲ್ಲ, ಒಂದೇ ಮಾದರಿ. ಐದು ಇಲಿಗಳ ಐವತ್ತು ಚಿತ್ರಗಳನ್ನು ಐವತ್ತು ಸ್ವತಂತ್ರ ಅಳತೆಗಳೆಂದು ಲೆಕ್ಕಕ್ಕೆ ಹಾಕಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ಇಲಿಯ ಸರಾಸರಿಯನ್ನು ಬಳಸಿ, ಅಥವಾ ಇಲಿಯನ್ನೂ ದಿನವನ್ನೂ ಪ್ರತ್ಯೇಕವಾಗಿ ಗಣಿಸುವ ಮಿಶ್ರ ಮಾದರಿ (ಮಿಕ್ಸ್ಡ್ ಮಾಡೆಲ್) ಎಂಬ ಲೆಕ್ಕದ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರೊಬ್ಬರ ನೆರವಿನಿಂದ ಪ್ರಯೋಗಕ್ಕೆ ಮೊದಲೇ ನಿರ್ಧರಿಸಿಕೊಳ್ಳಿ.

ಕೊನೆಯ ದಿನ

ಕೊನೆಯ ದಿನದ ಕೆಲಸವನ್ನು ಹಿಂದಿನಿಂದ ಎಣಿಸಿ ಯೋಜಿಸಬೇಕು. ಆಮ್ಲಜನಕ ಕಡಿಮೆಯಿರುವ ಕಡೆ ಅಂಟಿಕೊಳ್ಳುವ ಪಿಮೊನಿಡಜೋಲ್ ಅನ್ನು ಸುಮಾರು ಒಂದು ಗಂಟೆ ಮುಂಚೆ ಕಿಲೋಗ್ರಾಂಗೆ 60 ಮಿಲಿಗ್ರಾಂನಂತೆ ಕೊಡುತ್ತಾರೆ. ರಕ್ತ ಮುಟ್ಟಿದ ನಾಳದ ಒಳಗೋಡೆಗೆ ಮಾತ್ರ ಅಂಟುವ, ಬಣ್ಣ ಜೋಡಿಸಿದ ಟೊಮ್ಯಾಟೊ ಲೆಕ್ಟಿನ್ ಅನ್ನು ಕೊನೆಯ ಐದು ನಿಮಿಷಗಳಲ್ಲಿ ಅಭಿಧಮನಿಗೆ ಕೊಡುತ್ತಾರೆ. ಪ್ರಾಣಿಯ ಅಂತ್ಯ ಸಮಿತಿ ಒಪ್ಪಿದ ವಿಧಾನದಲ್ಲೇ ಆಗಬೇಕು. ಕಾರ್ಬನ್ ಡೈ ಆಕ್ಸೈಡ್ ಬಳಸುವುದಾದರೆ ಪೆಟ್ಟಿಗೆಯನ್ನು ಮೊದಲೇ ಅನಿಲದಿಂದ ತುಂಬಿಸಿಡಬಾರದು, ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇ 30ರಿಂದ 70ರಂತೆ ನಿಧಾನವಾಗಿ ಹರಿಸಬೇಕು, ಸಾವನ್ನು ಎರಡನೆಯ ವಿಧಾನದಿಂದ ಖಚಿತಪಡಿಸಿಕೊಳ್ಳಬೇಕು.

ತೆಗೆದ ಗೆಡ್ಡೆಯ ತೆಳು ಸೀಳುಗಳಲ್ಲಿ ಸಿಡಿ31 ಬಣ್ಣ ಎಲ್ಲ ನಾಳಗಳನ್ನೂ ತೋರಿಸುತ್ತದೆ, ಲೆಕ್ಟಿನ್ ಹರಿವಿದ್ದ ನಾಳಗಳನ್ನು ಮಾತ್ರ ತೋರಿಸುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕೆಲಸ ಮಾಡುತ್ತಿದ್ದ ನಾಳಗಳ ಪಾಲು ಕೈಗೆ ಬರುತ್ತದೆ. ಅದೇ ಸೀಳಿನಲ್ಲಿ ಎನ್‌ಜಿ2 ಬಣ್ಣದಿಂದ ನಾಳಕ್ಕೆ ಆಸರೆಯಾದ ಪೆರಿಸೈಟ್ ಕೋಶಗಳನ್ನೂ ನೋಡಿ. ನಾಳಗಳ ಸಂಖ್ಯೆ ಅರ್ಧಕ್ಕಿಳಿದು, ಉಳಿದವುಗಳಲ್ಲಿ ಹರಿವು ಹೆಚ್ಚಿ, ಪಿಮೊನಿಡಜೋಲ್ ಅಂಟಿದ ಪ್ರದೇಶ ಕುಗ್ಗಿದ್ದರೆ ಔಷಧ ನಾಳಗಳನ್ನು ಸರಿಪಡಿಸಿದೆ ಎನ್ನಬಹುದು. ಸಂಖ್ಯೆ ಇಳಿದು ಆ ಪ್ರದೇಶ ಹಿಗ್ಗಿದ್ದರೆ ಕತ್ತರಿಸಿದೆ ಎನ್ನಬೇಕು. ಬರಿಯ ಸಿಡಿ31 ಎಣಿಕೆಯಲ್ಲಿ ಈ ಎರಡೂ ಒಂದೇ ಫಲಿತಾಂಶದಂತೆ ಕಾಣುತ್ತಿದ್ದವು.

ಒಂದೇ ಪ್ರಾಣಿಯ ಉಳಿದ ಅಂಗಗಳನ್ನು ಬೇಕಾದ ಸಹೋದ್ಯೋಗಿಗಳಿಗೆ ಕೊಡುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ಅದರಿಂದ ಇನ್ನೊಂದು ಪ್ರಯೋಗದಲ್ಲಿ ಕೆಲವು ಇಲಿಗಳು ಉಳಿಯುತ್ತವೆ. ಬರಹಕ್ಕೆ ಕೂತಾಗ ಪ್ರಾಣಿ ಪ್ರಯೋಗಗಳ ವರದಿಗಾಗಿ ಇರುವ 2020ರ ಅರೈವ್ 2.0 ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು ತಳಿ, ಲಿಂಗ, ವಯಸ್ಸು, ಅರಿವಳಿಕೆ, ಗುಂಪು ಹಂಚಿದ ರೀತಿ ಎಲ್ಲವನ್ನೂ ನಮೂದಿಸಿ. ಎಷ್ಟು ಕಿಟಕಿಗಳನ್ನು ಕೂಡಿಸಿದಿರಿ, ಎಷ್ಟನ್ನು ಯಾವ ಕಾರಣಕ್ಕೆ, ಯಾವ ದಿನ ಕೈಬಿಟ್ಟಿರಿ ಎಂಬ ಪಟ್ಟಿಯೂ ಪ್ರಬಂಧದೊಳಗೇ ಇರಲಿ.